ಕಳೆ ತುಂಬಿದ ಹುಲ್ಲುಹಾಸು ಸರಿಮಾಡುವುದು ಹೇಗೆ? ಮಲೆನಾಡಿನ ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರು, ತೀರ್ಥಹಳ್ಳಿ–ಸಾಗರದ ಕಡೆ ಹೋಂಸ್ಟೇ ತೆರೆದವರು, ನಿವೃತ್ತರಾಗಿ ಊರಿಗೆ ಮರಳಿದವರು ಮಳೆಗಾಲ ಹತ್ತಿರವಾದಂತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನರ್ಸರಿಯವರು ಹೇಳುವುದಕ್ಕೂ ನಾನು ಹೇಳುವುದಕ್ಕೂ ಕೆಲವು ಕಡೆ ಹೊಂದಾಣಿಕೆ ಆಗದು. ಅವರಿಗೆ ಹುಲ್ಲು ಮಾರಬೇಕು, ನಮಗೆ ಇರುವ ಹುಲ್ಲು ಉಳಿಸಿಕೊಳ್ಳಬೇಕು.

ಅಂಗಳದ ತುಂಬ ಕಳೆ. ಎಲ್ಲ ಅಗೆದು ಹೊಸ ಹುಲ್ಲು ಹಾಕಿಸಿಬಿಡಲೇ?

ಬೇಡ, ಕನಿಷ್ಠ ಮೊದಲ ವರ್ಷ ಬೇಡ. ನಾಲ್ಕು ಗೂಟ, ಒಂದು ಹಗ್ಗ ತೆಗೆದುಕೊಂಡು ಐದಾರು ಕಡೆ ಒಂದೊಂದು ಮೀಟರಿನ ಚೌಕ ಕಟ್ಟಿ ನೋಡಿ. ಚೌಕದೊಳಗೆ ಅರ್ಧದಷ್ಟಾದರೂ ಹುಲ್ಲಿದ್ದರೆ ಆ ಜಾಗ ರಿಪೇರಿಗೆ ಒಗ್ಗುತ್ತದೆ. ಅಗೆದರೆ ಆಗುವುದೇ ಬೇರೆ: ಮಣ್ಣಿನಡಿ ಮಲಗಿದ್ದ ಕಳೆಬೀಜವೆಲ್ಲ ಬೆಳಕಿಗೆ ಬರುತ್ತದೆ, ಜೇಕಿನ (ನೆಲದಡಿ ಗಡ್ಡೆ ಕಟ್ಟುವ, ಹುಲ್ಲಿನಂತೆಯೇ ಕಾಣುವ ಕಳೆ) ಗಡ್ಡೆ ತುಂಡಾಗಿ ಅಂಗಳವಿಡೀ ಹರಡುತ್ತದೆ, ಸಡಿಲಾದ ಮೇಲ್ಮಣ್ಣು ಆರಿದ್ರಾ ಮಳೆಗೆ ಚರಂಡಿ ಸೇರುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ, ಅಷ್ಟಿಲ್ಲದ ಹೊಸನಗರ, ತೀರ್ಥಹಳ್ಳಿಯ ಇಳಿಜಾರುಗಳಲ್ಲೂ ಬರಿ ಮಣ್ಣು ನಿಲ್ಲುವುದಿಲ್ಲ.

ಕಳೆ ಬಂದು ಹುಲ್ಲನ್ನು ಓಡಿಸಿದ್ದು ಕಡಿಮೆ. ಹುಲ್ಲು ಸೊರಗಿ ನೆಲ ಖಾಲಿಯಾಯಿತು, ಅಲ್ಲಿ ಕಳೆ ಕೂತಿತು. ಹಾಗಾಗಿ ಕೀಳುವುದು ಅರ್ಧ ಕೆಲಸ, ಕಿತ್ತ ಜಾಗವನ್ನು ಹುಲ್ಲಿನಿಂದ ತುಂಬುವುದು ಇನ್ನರ್ಧ. ಎರಡನೆಯದನ್ನು ಬಿಟ್ಟವರು ಪ್ರತಿ ವರ್ಷ ಮೊದಲನೆಯದನ್ನೇ ಮಾಡುತ್ತಿರುತ್ತಾರೆ.

ಎಲ್ಲ ತೆಗೆದು ಹೊಸದಾಗಿ ಶುರುಮಾಡಬೇಕಾದ ಸಂದರ್ಭ ಎರಡೇ. ಒಂದು, ಮನೆ ಕಟ್ಟುವಾಗ ಉಳಿದ ಗಾರೆ, ಜಲ್ಲಿ, ಇಟ್ಟಿಗೆಚೂರು ಅಂಗಳದಡಿ ಹೂತುಹೋಗಿದ್ದರೆ. ಎರಡು, ಮುಕ್ಕಾಲು ಭಾಗ ಜೇಕೇ ಆಗಿದ್ದರೆ. ಇನ್ನು ಆ ಅಂಗಳದಲ್ಲಿ ಅಡಿಕೆ ಒಣಗಿಸುವ ಯೋಚನೆ ಇದ್ದವರು ಹುಲ್ಲುಹಾಸಿನ ಆಸೆ ಬಿಡುವುದೇ ವಾಸಿ.

ಯಾವುದು ಹುಲ್ಲು, ಯಾವುದು ಕಳೆ ಅಂತಲೇ ಗೊತ್ತಾಗುವುದಿಲ್ಲ.

ನಿಂತು ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಕುಕ್ಕರುಗಾಲಲ್ಲಿ ಕೂರಿ. ಒಂದು ದಂಟು ಕಿತ್ತು ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿ. ಉರುಟಾಗಿ ಹೊರಳಿದರೆ ಬಹುತೇಕ ಹುಲ್ಲು. ಮೂರು ಏಣು ಬೆರಳಿಗೆ ತಾಗಿ ತಡೆದು ತಡೆದು ಹೊರಳಿದರೆ ಅದು ಜೇಕು. ನೆಲಕ್ಕೆ ಅಂಟಿಕೊಂಡು ಹರಿಯುತ್ತ, ಗಿಣ್ಣುಗಿಣ್ಣಿಗೆ ಬೇರು ಬಿಡುವ ಸಣ್ಣ ಎಲೆಯದು ಗರಿಕೆ. ಗಣಪತಿಗೆ ಏರಿಸುವ ಅದೇ ಗರಿಕೆ. ನರ್ಸರಿಯಲ್ಲಿ ಬರ್ಮುಡಾ ಎಂದು ಮಾರುವುದೂ ಇದೇ ಗರಿಕೆ ಅಥವಾ ಇದರ ಹತ್ತಿರದ ನೆಂಟ. ನಿಮ್ಮ ಅಂಗಳದಲ್ಲಿ ಅದು ತಾನಾಗಿ ಬಂದಿದ್ದರೆ ಕೀಳಬೇಡಿ, ದುಡ್ಡು ಕೊಟ್ಟು ಅದನ್ನೇ ತರಲು ಹೊರಟಿದ್ದೀರಿ.

ಅಗಲವಾದ, ತುದಿ ಮೊಂಡಾದ ಎಲೆ, ನೆಲಕ್ಕೆ ದಪ್ಪ ಹೊದಿಕೆಯಂತೆ ಹಬ್ಬಿದ್ದರೆ ಅದು ಕಾರ್ಪೆಟ್ ಹುಲ್ಲು. ನರ್ಸರಿಗಳಲ್ಲಿ ಬಫೆಲೋ ಹುಲ್ಲು ಎಂದೂ ಕರೆಯುತ್ತಾರೆ. ಮಲೆನಾಡಿನ ನೆರಳಿನ ಅಂಗಳಗಳಿಗೆ ಅದು ಹೇಳಿ ಮಾಡಿಸಿದ್ದು.

ಜೇಕು ಎಷ್ಟು ಕಿತ್ತರೂ ಬರುತ್ತದಲ್ಲ?

ನೀವು ಕೀಳುತ್ತಿರುವುದು ಎಲೆಯನ್ನು. ಎಳೆದಾಗ ಬುಡದಲ್ಲಿ ಕಟ್ ಎಂದು ತುಂಡಾಗಿ ಎಲೆ ಕೈಗೆ ಬರುತ್ತದೆ, ಗಡ್ಡೆ ಅಲ್ಲೇ ಉಳಿಯುತ್ತದೆ. ಒಂದು ಗಿಡದ ಸುತ್ತ ಗೇಣುದ್ದ ಬಿಟ್ಟು ಹಾರೆ ಹಾಕಿ ಮೆಲ್ಲಗೆ ಎಬ್ಬಿಸಿ ನೋಡಿ. ಕಡಲೆಬೀಜದಷ್ಟು ದಪ್ಪದ ಕಪ್ಪು ಗಡ್ಡೆ, ಅದರಿಂದ ತಂತಿಯಂಥ ಕಂದು ಬೇರು ಅಡ್ಡಕ್ಕೆ ಹೊರಟು ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಉಗುರಲ್ಲಿ ಸೀಳಿದರೆ ಒಳಗೆ ಬೆಳ್ಳಗೆ, ಮೂಸಿದರೆ ಗ್ರಂಥಿಗೆ ಅಂಗಡಿಯ ವಾಸನೆ. ಆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ತೂಗಿ ಕೊಡುವುದು ಇದೇ ಗಡ್ಡೆಯನ್ನು. ಮೇಲಿನ ಗಿಡ ಹೋದರೆ ಸರಣಿಯ ಮುಂದಿನ ಗಡ್ಡೆ ಚಿಗುರುತ್ತದೆ, ಅಷ್ಟೇ.

ಇದಕ್ಕೆ ಒಂದೇ ಏಟಿನ ಮದ್ದಿಲ್ಲ, ಮೂರು ಕಡೆಯಿಂದ ಕಾಡಬೇಕು.

ಮೊದಲನೆಯದು ಬಿಸಿಲು. ಮಾರ್ಚ್–ಏಪ್ರಿಲ್‌ನಲ್ಲಿ, ಜೇಕು ದಟ್ಟವಾಗಿರುವ ತೇಪೆಗಳನ್ನು ಮಾತ್ರ ಒಂದು ಗೇಣು ಆಳ ಅಗೆದು ಗಡ್ಡೆ ಆರಿಸಿ. ಆರಿಸಿದ್ದನ್ನು ಗೊಬ್ಬರಗುಂಡಿಗೆ ಹಾಕಬೇಡಿ, ಟೆರೇಸ್ ಮೇಲೆ ಹರಡಿ ಕಟಕಟ ಮುರಿಯುವಷ್ಟು ಒಣಗಿಸಿ. ಒಣಗಿದ ಗಡ್ಡೆ ಮತ್ತೆ ಚಿಗುರುವುದಿಲ್ಲ.

ಎರಡನೆಯದು ಹಸಿವು. ಮಳೆ ಶುರುವಾದ ಮೇಲೆ ಉಳಿದ ಗಡ್ಡೆಗಳೆಲ್ಲ ಚಿಗುರುತ್ತವೆ. ಚಿಗುರಿದ ಮೂರ್ನಾಲ್ಕು ವಾರಕ್ಕೆ ಬುಡದಲ್ಲಿ ಹೊಸ ಗಡ್ಡೆ ಕಟ್ಟಲು ಹತ್ತುತ್ತವೆ. ಅದಕ್ಕಿಂತ ಮೊದಲೇ, ಎಂದರೆ ಹದಿನೈದು ದಿನಕ್ಕೊಮ್ಮೆ ಕಳೆಗುದ್ದಲಿಯಲ್ಲಿ ಬುಡ ಕೆತ್ತುತ್ತಿದ್ದರೆ ಗಡ್ಡೆ ಕೂಡಿಟ್ಟದ್ದನ್ನೆಲ್ಲ ಚಿಗುರಿಗೇ ಖರ್ಚುಮಾಡಿ ಸೋಲುತ್ತದೆ. ಎರಡು ಮಳೆಗಾಲ ಬಿಡದೆ ಮಾಡಿದವರಿಗೆ ವ್ಯತ್ಯಾಸ ಕಾಣುತ್ತದೆ. ನಡುವೆ ಒಂದು ತಿಂಗಳು ಮದುವೆ–ಮುಂಜಿ ಎಂದು ಬಿಟ್ಟರೆ ಲೆಕ್ಕ ಮೊದಲಿನಿಂದ.

ಮೂರನೆಯದು ನೆರಳು. ಜೇಕಿಗೆ ನೆರಳು ಆಗದು. ಹುಲ್ಲು ಒತ್ತಾಗಿ ಬೆಳೆದು ನೆಲ ಮುಚ್ಚಿದರೆ ಅದು ಸಪ್ಪಗಾಗುತ್ತದೆ. ಹುಲ್ಲನ್ನು ನೆಲಮಟ್ಟಕ್ಕೆ ಬೋಳಿಸುವವರ ಅಂಗಳದಲ್ಲಿ ಜೇಕು ಜೋರಾಗಿರುವುದಕ್ಕೆ ಇದೂ ಒಂದು ಕಾರಣ.

ಮುಟ್ಟಿದರೆ ಮುನಿ ಮಕ್ಕಳ ಕಾಲಿಗೆ ಚುಚ್ಚುತ್ತದೆ. ತೆಗೆಯುವುದು ಹೇಗೆ?

ಒಣನೆಲದಲ್ಲಿ ಇದನ್ನು ಎಳೆಯಲು ಹೋಗಬೇಡಿ. ತಾಯಿಬೇರು ಆಳಕ್ಕೆ ಇಳಿದಿರುತ್ತದೆ, ಮುಳ್ಳಷ್ಟೇ ಕೈಗೆ ಸಿಗುವುದು. ಎರಡು ದಿನ ಮಳೆ ಹೊಯ್ದು ಹೊಳವಾದಾಗ, ದಪ್ಪ ಚರ್ಮದ ಕೈಗವಸು ಹಾಕಿ, ಹರಡಿದ ಕೈಗಳನ್ನೆಲ್ಲ ಒಟ್ಟುಮಾಡಿ ಬುಡ ಹುಡುಕಿ, ಕಳೆಗುದ್ದಲಿ ಓರೆಯಾಗಿ ಹಾಕಿ ಮೀಟಿ. ಗುಲಾಬಿ ಚೆಂಡು ಹೂ ಕಾಯಾಗುವ ಮೊದಲೇ ಈ ಕೆಲಸ ಮುಗಿಯಬೇಕು. ಇದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.

ಮಷಿನ್ ಹೊಡೆಸಿದರೆ ಸಾಯುವುದಿಲ್ಲ, ಇನ್ನಷ್ಟು ನೆಲಕ್ಕೆ ಅಂಟಿ ಹಬ್ಬುತ್ತದೆ. ದ್ವಿದಳ ಜಾತಿಯ ಗಿಡವಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುತ್ತದೆ. ಹುಲ್ಲು ಉಪವಾಸ ಬೀಳುವ ಬಡ ಮಣ್ಣಿನಲ್ಲಿ ಇದು ಸುಖವಾಗಿರುವುದು ಅದಕ್ಕೇ. ಇದು ಹೆಚ್ಚಾಗಿದ್ದರೆ ಹುಲ್ಲಿಗೆ ಗೊಬ್ಬರ ಸಾಲುತ್ತಿಲ್ಲವೇನೋ ಎಂದು ಮೊದಲು ಯೋಚಿಸಿ.

ಕಾಂಗ್ರೆಸ್ ಗಿಡ, ಕಮ್ಯುನಿಸ್ಟ್ ಗಿಡ, ಲಂಟಾನ?

ಇವು ನೆಲಕ್ಕಂಟಿ ಬೆಳೆಯುವ ಜಾತಿಯಲ್ಲ, ನಿಯಮಿತವಾಗಿ ಕತ್ತರಿಸುವ ಹುಲ್ಲುಹಾಸಿನಲ್ಲಿ ಉಳಿಯಲಾರವು. ಬೇಲಿಬದಿಯಲ್ಲಿ ಇದ್ದರೆ ಹೂ ಬಿಡುವ ಮೊದಲು ಬೇರುಸಹಿತ ತೆಗೆಯಿರಿ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ ಕೀಳುವಾಗ ಕೈಗವಸು, ಮೂಗಿಗೆ ಬಟ್ಟೆ ಇರಲಿ, ಚರ್ಮದ ತುರಿಕೆ, ಉಬ್ಬಸ ಇರುವವರು ಆ ಕೆಲಸ ಬೇರೆಯವರಿಗೆ ಬಿಡಲಿ. ಮಳೆಗಾಲದಲ್ಲಿ ಅದರ ಎಲೆಗಳನ್ನು ಜರಡಿ ಮಾಡುವ, ಬಿಳುಪಿನ ಮೇಲೆ ಕಂದು ಗೆರೆಯ ಪುಟ್ಟ ದುಂಬಿ ಕಂಡರೆ ಸುಮ್ಮನೆ ಬಿಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಸಂತತಿ ಅದು, ಅದೂ ಕಳೆ ತೆಗೆಯುವ ಕೆಲಸವನ್ನೇ ಮಾಡುತ್ತಿರುತ್ತದೆ.

ಕೆಲಸ ಯಾವಾಗ ಶುರುಮಾಡಬೇಕು?

ಬೆಂಗಳೂರಿನವರ ವೀಡಿಯೋ ನೋಡಿ ತಿಂಗಳು ಗೊತ್ತುಮಾಡಬೇಡಿ. ನಮ್ಮಲ್ಲಿ ಮಳೆ ನಕ್ಷತ್ರ ಹಿಡಿದು ಹೋಗುವುದೇ ಸಲೀಸು.

ಬೇಸಿಗೆಯಲ್ಲಿ ಜೇಕಿನ ತೇಪೆ ಅಗೆಯುವುದು, ಮಣ್ಣು ಪರೀಕ್ಷೆ, ಮರದ ಕೊಂಬೆ ಸವರುವುದು. ಮೇ ತಿಂಗಳ ಅಡ್ಡಮಳೆ ಬಿದ್ದಾಗ ಸುಣ್ಣ. ರೋಹಿಣಿ, ಮೃಗಶಿರದಲ್ಲಿ, ಅಂದರೆ ಮೇ ಕೊನೆಯಿಂದ ಜೂನ್ ಮೂರನೇ ವಾರದವರೆಗೆ, ನೆಲ ಮೆತ್ತಗಾದ ಕೂಡಲೇ ಕೀಳುವ ಕೆಲಸ. ಶಿವಮೊಗ್ಗ ನಗರ, ಭದ್ರಾವತಿ, ಶಿಕಾರಿಪುರದಂಥ ಹದವಾದ ಮಳೆಯ ಕಡೆ ಇದೇ ಹೊತ್ತಿಗೆ ಹುಲ್ಲು ನೆಡಬಹುದು.

ತೀರ್ಥಹಳ್ಳಿ, ಹೊಸನಗರ, ಸಾಗರದ ಪಶ್ಚಿಮದವರು ಅವಸರ ಮಾಡಬಾರದು. ಪುನರ್ವಸು, ಪುಷ್ಯದ ಜಡಿಮಳೆಗೆ ನೆಟ್ಟ ತುಂಡುಗಳೆಲ್ಲ ಎದ್ದು ತೇಲಿಹೋಗುತ್ತವೆ, ಉಳಿದವು ಕೊಳೆಯುತ್ತವೆ. ಜುಲೈಯಲ್ಲಿ ಕೆಲಸ ಎಂದರೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊರೆಯುತ್ತದೆ ಎಂದು ಕೊಡೆ ಹಿಡಿದು ನೋಡಿ ಗುರುತು ಹಾಕಿಕೊಳ್ಳುವುದಷ್ಟೇ. ಆಗಸ್ಟ್ ಕೊನೆಯ ಹುಬ್ಬಾ ಮಳೆಯಿಂದ ಸೆಪ್ಟೆಂಬರ್ ಕೊನೆಯ ಹಸ್ತದವರೆಗೆ ಬಿಸಿಲು–ಮಳೆ ಎರಡೂ ಸಿಗುತ್ತದೆ, ನೆಡುವುದಕ್ಕೆ ಅದೇ ಸಮಯ. ಚಳಿ ಬೀಳುವ ಹೊತ್ತಿಗೆ ಬೇರು ಕಚ್ಚಿರುತ್ತದೆ.

ನಮ್ಮದು ಗಟ್ಟಿ ಕೆಂಪುಮಣ್ಣು. ಅದಕ್ಕೆ ಏನು ಮಾಡಬೇಕು?

ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಶತಮಾನಗಳ ಮಳೆ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿದೆ, ಮಣ್ಣು ಹುಳಿ. ಎಷ್ಟು ಹುಳಿ ಎಂದು ತಿಳಿಯಲು ಮಣ್ಣು ಪರೀಕ್ಷೆಯೇ ಬೇಕು. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಶಿವಮೊಗ್ಗದವರಿಗೆ ನವಿಲೆಯ ಕೃಷಿ ಕಾಲೇಜು ಆವರಣವಿದೆ, ಸಾಗರದ ಕಡೆಯವರಿಗೆ ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯವಿದೆ. ಹತ್ತು ಕಡೆಯಿಂದ ಗೇಣುದ್ದದ ಮಣ್ಣು ತೆಗೆದು, ಕಲಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಒಯ್ದರೆ ಸಾಕು. ವರದಿಯಲ್ಲಿ ಹೆಕ್ಟೇರಿಗೆ ಇಷ್ಟು ಸುಣ್ಣ ಎಂದು ಬರೆದಿರುತ್ತಾರೆ. ಹೆಕ್ಟೇರಿಗೆ 1 ಟನ್ ಎಂದರೆ ಒಂದು ಚದರ ಮೀಟರಿಗೆ 100 ಗ್ರಾಂ. ತಾಂಬೂಲದ ಸುಣ್ಣ, ಗೋಡೆಯ ಸುಣ್ಣ ಅಲ್ಲ, ಕೃಷಿ ಸುಣ್ಣ ಅಥವಾ ಡಾಲೊಮೈಟ್. ಸುಣ್ಣದ ಜೊತೆಯಲ್ಲೇ ಯೂರಿಯಾ, ಗೊಬ್ಬರ ಹಾಕಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ, ಎರಡು–ಮೂರು ವಾರದ ಅಂತರ ಇರಲಿ.

ಗಟ್ಟಿಗೆ ಮದ್ದು ತೂತು. ಮಳೆ ಬಿದ್ದು ನೆಲ ಹದವಾದಾಗ ಹಾರೆಯಲ್ಲಿ ಅರ್ಧ ಅಡಿಗೊಂದರಂತೆ ನಾಲ್ಕು ಇಂಚು ಆಳದ ತೂತು ಹೊಡೆಯಿರಿ. ಮೇಲೆ ಜರಡಿ ಹಿಡಿದ ಗೊಬ್ಬರ, ಮರಳು ಬೆರೆಸಿ ಅರ್ಧ ಇಂಚು ಹರಡಿ ಪೊರಕೆಯಲ್ಲಿ ಗುಡಿಸಿ ತೂತಿಗೆ ಇಳಿಸಿ. ನೂರು ಚದರಡಿಗೆ ಸುಮಾರು ನಾಲ್ಕು ಘನ ಅಡಿ, ಸಿಮೆಂಟ್ ಬಾಂಡ್ಲಿಯಲ್ಲಿ ಎಂಟೊಂಬತ್ತು ಹಿಡಿಯುತ್ತದೆ.

ಗೊಬ್ಬರ ಎಲ್ಲಿಯದು ಎಂದು ಕೇಳಿಯೇ ತನ್ನಿ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು (ಒಣಗಿದ ತರಗೆಲೆ) ತಂದು ಕೊಟ್ಟಿಗೆಗೆ ಹಾಸಿ ಮಾಡಿದ ಗೊಬ್ಬರ ಒಳ್ಳೆಯದೇ, ಆದರೆ ಪೂರ್ತಿ ಕಳಿಯದಿದ್ದರೆ ಅದರಲ್ಲಿ ಬೆಟ್ಟದ ಕಳೆಬೀಜವೆಲ್ಲ ಇರುತ್ತದೆ. ಕೆರೆ ಗೋಡಿನ ಕತೆಯೂ ಅದೇ, ಜೇಕು ಟಿಪ್ಪರಿನಲ್ಲೇ ಮನೆಗೆ ಬರುತ್ತದೆ. ಕೈಗೆ ತೆಗೆದುಕೊಂಡರೆ ಬಿಸಿ ಇರಬಾರದು, ಸಗಣಿ ನಾತ ಬರಬಾರದು, ಎಲೆಯ ಗುರುತು ಸಿಗಬಾರದು.

ಯಾವ ಹುಲ್ಲು ನೆಡಲಿ?

ದಿನಕ್ಕೆ ಆರು ತಾಸಿಗಿಂತ ಹೆಚ್ಚು ಬಿಸಿಲು ಬೀಳುವ ಜಾಗಕ್ಕೆ ಗರಿಕೆ ಜಾತಿ. ಹಲಸು, ಮಾವು, ತೆಂಗಿನ ನೆರಳಿರುವ, ಮಳೆಗಾಲದಲ್ಲಿ ತೇವ ಆರದ ಜಾಗಕ್ಕೆ ಕಾರ್ಪೆಟ್ ಹುಲ್ಲು, ಹುಳಿಮಣ್ಣನ್ನೂ ಅದು ಸಹಿಸುತ್ತದೆ. ಕೊರಿಯನ್ ಹುಲ್ಲು ಎಂದು ಮೆತ್ತೆಯಂತೆ ಗುಬ್ಬುಗುಬ್ಬಾಗಿ ಬೆಳೆಯುವುದಿದೆಯಲ್ಲ, ನೋಡಲು ಚೆಂದ, ಬೆಳೆಯುವುದು ಬಹಳ ನಿಧಾನ. ಅದು ನೆಲ ಮುಚ್ಚುವಷ್ಟರಲ್ಲಿ ಸಂದಿಯಲ್ಲೆಲ್ಲ ಕಳೆ ಕೂತಿರುತ್ತದೆ. ಹೊಸಬರಿಗೆ ನಾನು ಹೇಳುವುದಿಲ್ಲ.

ದಟ್ಟ ನೆರಳಿಗೆ ಯಾವ ಹುಲ್ಲೂ ಬೇಡ. ಅಲ್ಲಿ ಕಲ್ಲುಚಪ್ಪಡಿ ಹಾಸಿ ಅಥವಾ ಜರಿಗಿಡ ಬಿಡಿ. ಹಳದಿ ಹೂವಿನ ಬಳ್ಳಿ ವೆಡೀಲಿಯಾ ನೆಲ ಮುಚ್ಚುತ್ತದೆ ಎಂದು ಯಾರಾದರೂ ಕಡ್ಡಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಹಳ್ಳದ ಬದಿಗೆ ಒಮ್ಮೆ ಇಳಿದರೆ ಅದನ್ನು ಹಿಡಿಯುವವರಿಲ್ಲ.

ನೆಡುವ ಕ್ರಮ?

ನಿಮ್ಮ ಅಂಗಳದಲ್ಲೇ ಹುಲ್ಲು ಒತ್ತಾಗಿರುವ ಕಡೆಯಿಂದ ಅಂಗೈಯಗಲ ಹೆಂಟೆ ತೆಗೆದು, ಬಿಡಿಸಿ, ಎರಡು ಮೂರು ಗಿಣ್ಣಿರುವ ತುಂಡುಗಳನ್ನು ಮೂರ್ನಾಲ್ಕು ಇಂಚಿಗೊಂದರಂತೆ ಊರಿ. ಒಂದು ಗಿಣ್ಣು ಮಣ್ಣೊಳಗೆ, ತುದಿ ಹೊರಗೆ. ಊರಿದ ಮೇಲೆ ಕಾಲಲ್ಲಿ ಒತ್ತಿ ತುಳಿಯಿರಿ. ಗಾಳಿಸಂದಿ ಉಳಿದರೆ ಬೇರು ಬಿಡುವುದಿಲ್ಲ. ಮಳೆ ಕೈಕೊಟ್ಟ ದಿನ ನೀರು ಚಿಮುಕಿಸಿ. ಕಳೆ ಕಿತ್ತ ಗುಂಡಿಯನ್ನು ಅದೇ ದಿನ ಹೀಗೆ ತುಂಬುವ ಅಭ್ಯಾಸ ಇಟ್ಟುಕೊಂಡರೆ ಬೇರೆ ಹುಲ್ಲು ಕೊಳ್ಳುವ ಪ್ರಸಂಗವೇ ಬಾರದು. ಜಡಿಮಳೆಯ ತಿಂಗಳು ಮಾತ್ರ ಇದಕ್ಕೆ ಹೊರತು.

ನೆಟ್ಟ ಒಂದು ತಿಂಗಳಿಗೆ ನೂರು ಚದರಡಿಗೆ 50 ಗ್ರಾಂ ಯೂರಿಯಾವನ್ನು ಒಣ ಮರಳಲ್ಲಿ ಬೆರೆಸಿ, ಎಲೆ ಒಣಗಿರುವಾಗ ಎರಚಿ ನೀರು ಕೊಡಿ. ಜಡಿಮಳೆಯಲ್ಲಿ ಹಾಕಿದರೆ ಅದು ನಿಮ್ಮ ಬಾವಿಗೆ, ತುಂಗೆಗೆ.

ಎಷ್ಟು ಗಿಡ್ಡಕ್ಕೆ ಕತ್ತರಿಸಬೇಕು?

ಹುಲ್ಲು ಸೊರಗುವುದು ಹೆಚ್ಚಾಗಿ ಇಲ್ಲೇ. ಮಳೆಗಾಲದಲ್ಲಿ ಒಂದೂವರೆ ತಿಂಗಳು ಬಿಟ್ಟು, ಮೊಣಕಾಲು ಮುಟ್ಟಿದ ಮೇಲೆ ತೋಟಕ್ಕೆ ಕಳೆ ಹೊಡೆಯುವವರನ್ನು ಕರೆಸಿ ಮಣ್ಣು ಕಾಣುವಂತೆ ಹೊಡೆಸುತ್ತಾರೆ. ಅಡಿಕೆತೋಟಕ್ಕೆ ಅದು ಸರಿ. ಹುಲ್ಲುಹಾಸಿಗೆ ಅದು ಶಿಕ್ಷೆ, ಎಲೆಯೆಲ್ಲ ಹೋಗಿ ಬೇರು ಸೊರಗುತ್ತದೆ, ಬೆಳಕು ಬಿದ್ದ ಬರಿನೆಲದಲ್ಲಿ ಬೀಜ ಮೊಳೆಯುತ್ತವೆ.

ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯಿರಿ. ಗರಿಕೆ ಒಂದರಿಂದ ಒಂದೂವರೆ ಇಂಚು, ಕಾರ್ಪೆಟ್ ಹುಲ್ಲು ಎರಡು ಇಂಚು ನಿಲ್ಲಲಿ. ಜೂನ್‌ನಿಂದ ಅಕ್ಟೋಬರ್ ತನಕ ವಾರಕ್ಕೋ ಹತ್ತು ದಿನಕ್ಕೋ ಒಂದು ಸಲ, ಹೊಳವು ನೋಡಿ. ಒದ್ದೆಹುಲ್ಲು ಮಷಿನ್ನಿಗೆ ಮೆತ್ತುತ್ತದೆ, ಮೊಂಡು ಬ್ಲೇಡು ಹುಲ್ಲನ್ನು ಸೀಳಿ ತುದಿ ಬಿಳಿಚಿಸುತ್ತದೆ. ಬೀಜವಿಲ್ಲದ ಕತ್ತರಿಕೆಯನ್ನು ತೆಳ್ಳಗೆ ಅಲ್ಲೇ ಉದುರಲು ಬಿಡಿ, ಅದೂ ಗೊಬ್ಬರವೇ. ದಪ್ಪವಾಗಿ ಬಿದ್ದರೆ ಮಾತ್ರ ಬಾಚಿ ತೆಗೆಯಬೇಕು, ಇಲ್ಲದಿದ್ದರೆ ಅಡಿಯ ಹುಲ್ಲು ಕೊಳೆಯುತ್ತದೆ. ಸಣ್ಣ ಅಂಗಳಕ್ಕೆ ಕೈಯಿಂದ ತಳ್ಳುವ ಸಿಲಿಂಡರ್ ಯಂತ್ರ ಸಾಕು. ಕುಡುಗೋಲಿನಿಂದಲೂ ಆಗುತ್ತದೆ, ಸೊಂಟ ಗಟ್ಟಿಯಿರಬೇಕು.

ಕಳೆನಾಶಕ ಹೊಡೆದರೆ ಒಂದೇ ದಿನದ ಕೆಲಸವಲ್ಲವೇ?

ಗ್ಲೈಫೊಸೇಟ್ ಹಸಿರಾಗಿದ್ದದ್ದನ್ನೆಲ್ಲ ಕೊಲ್ಲುತ್ತದೆ, ಹುಲ್ಲನ್ನೂ ಸೇರಿಸಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಕೀಟ ನಿಯಂತ್ರಣದ ಪರವಾನಗಿದಾರರ ಮೂಲಕವಷ್ಟೇ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. 2,4-ಡಿ ಅಗಲ ಎಲೆಯ ಕಳೆಗೆ ಮಾತ್ರ. ಆದರೆ ಅದರ ಹನಿ, ಆವಿ ಗಾಳಿಯಲ್ಲಿ ಹೋಗಿ ಪಕ್ಕದ ಕಾಳುಮೆಣಸಿನ ಬಳ್ಳಿ, ದಾಸವಾಳ, ಬದನೆ, ಬೆಂಡೆಯ ಎಲೆ ಮುರುಟಿಸುತ್ತದೆ. ನೆರೆಯವರ ಮೆಣಸಿನ ಬಳ್ಳಿ ಕೆಟ್ಟರೆ ಮಾತು ಎಲ್ಲಿಗೆ ಹೋಗುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಕಬ್ಬಿನ ಗದ್ದೆಯಲ್ಲಿ ಜೇಕಿಗೆ ಹೊಡೆಯುವ ಹ್ಯಾಲೋಸಲ್ಫ್ಯುರಾನ್ ಮೀಥೈಲ್ ಪರಿಣಾಮಕಾರಿ ಹೌದು. ಆದರೆ ಮನೆಯಂಗಳದಲ್ಲಿ ಬಳಸುವ ಮೊದಲು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಅಂಗಡಿಯವರನ್ನಲ್ಲ. ಪ್ಯಾರಾಕ್ವಾಟ್ ಮನೆಗೆ ತರಲೇಬೇಡಿ, ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವಿಲ್ಲ.

ಅಂಗಳದಲ್ಲೇ ತೆರೆದ ಬಾವಿ, ಕೆಳಗೆ ಹಳ್ಳ, ಮೇಲಿಂದ ಧೋ ಎಂದು ಸುರಿಯುವ ಮಳೆ. ಇಂಥಲ್ಲಿ ಹತ್ತು ಗುಂಟೆಗಿಂತ ಚಿಕ್ಕ ಹುಲ್ಲುಹಾಸಿಗೆ ವಿಷ ಬೇಕಾಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಪ್ಪುನೀರು, ವಿನೆಗರ್, ಬಿಸಿನೀರು?

ಉಪ್ಪು ಬೇಡವೇ ಬೇಡ, ಅಲ್ಲಿ ಹುಲ್ಲೂ ಬಾರದು. ವಿನೆಗರ್ ಎಲೆ ಸುಡುತ್ತದೆ, ಬೇರು ಬದುಕುತ್ತದೆ. ಕಲ್ಲುಚಪ್ಪಡಿ ಸಂದಿಯ ಕಳೆಗೆ ಕುದಿಯುವ ನೀರು ಚೆನ್ನಾಗಿ ಕೆಲಸ ಮಾಡುತ್ತದೆ, ಬಚ್ಚಲ ಹಂಡೆ ಹೇಗೂ ಕಾಯುತ್ತಿರುತ್ತದೆ.

ಮಳೆಗಾಲದಲ್ಲಿ ಹುಲ್ಲಿನ ಬದಲು ಹಾವಸೆ ಕಟ್ಟುತ್ತದೆ.

ನೀರು ನಿಲ್ಲುತ್ತಿದೆ, ಬೆಳಕು ಸಾಲದು, ನೆಲ ಗಟ್ಟಿ. ಕೆರೆದು ತೆಗೆದರೆ ಹದಿನೈದು ದಿನಕ್ಕೆ ಮತ್ತೆ ಹಾಜರು. ಅಡಿಕೆತೋಟದವರಿಗೆ ಬಸಿಗಾಲುವೆಯ ಬೆಲೆ ಗೊತ್ತು. ಅದನ್ನೇ ಅಂಗಳದ ಅಂಚಿಗೆ ಒಂದು ಅಡಿ ಆಳ ತೆಗೆದು, ಸೂರಿನ ನೀರು ಹುಲ್ಲಿನ ಮೇಲೆ ಬೀಳದಂತೆ ದೋಣಿ ಕಟ್ಟಿ ಅದಕ್ಕೆ ಕೂಡಿಸಿ. ಮರದ ಕೆಳಗೊಂಬೆ ಸವರಿದರೆ ಬೆಳಕೂ ಬರುತ್ತದೆ.

ಬೇಸಿಗೆಯಲ್ಲಿ ಒಣಗುತ್ತದೆ. ಸತ್ತಿತೇ?

ಗರಿಕೆ ಸಾಯುವುದಿಲ್ಲ, ಮಲಗುತ್ತದೆ. ಬಾವಿ ಬತ್ತುವ ಮಾರ್ಚ್–ಏಪ್ರಿಲ್‌ನಲ್ಲಿ ಹುಲ್ಲಿಗೆ ನೀರು ಕೊಟ್ಟು ಮನೆಗೆ ಟ್ಯಾಂಕರ್ ತರಿಸುವುದರಲ್ಲಿ ಅರ್ಥವಿಲ್ಲ. ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಡಲು ಸಾಧ್ಯವಿದ್ದರೆ ಕೊಡಿ, ಇಲ್ಲದಿದ್ದರೆ ಕಂದಾಗಲಿ ಬಿಡಿ. ಆದರೆ ತೇವವಿರುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ ವೃತ್ತಾಕಾರದಲ್ಲಿ ಹಳದಿಯಾಗಿ, ಕೈಯಲ್ಲಿ ಎಳೆದರೆ ಚಾಪೆಯಂತೆ ಎದ್ದು ಬಂದರೆ ಅಡಿಯಲ್ಲಿ ಗೊಣ್ಣೆಹುಳು ಬೇರು ತಿನ್ನುತ್ತಿದೆ. ಕಾಡುಹಂದಿ ರಾತ್ರಿ ಬಂದು ನೆಲ ಉತ್ತುಹೋಗುವುದಕ್ಕೆ ಆ ಹುಳುವೂ ಒಂದು ಕಾರಣ. ಅಗೆದು ಹುಳು ಆರಿಸಿ, ಮುಂದಿನ ಮೇ–ಜೂನ್‌ನಲ್ಲಿ ಮೊದಲ ಮಳೆಯ ನಂತರ ಮುಸ್ಸಂಜೆ ಹೊರಬರುವ ದುಂಬಿಗಳನ್ನು ಹಿಡಿಯಿರಿ. ಅಡಿಕೆಗೂ ಅದರ ಕಾಟ ಇರುವುದರಿಂದ ತೋಟದವರ ಜೊತೆ ಸೇರಿಯೇ ಮಾಡಬೇಕು.

ಒಂದೆಲಗವೂ ಕಳೆಯೇ?

ಹುಲ್ಲುಹಾಸಿನ ಪುಸ್ತಕದ ಪ್ರಕಾರ ಹೌದು. ಬಾವಿಕಟ್ಟೆಯ ಬದಿಯಲ್ಲೋ ತೇವದ ಮೂಲೆಯಲ್ಲೋ ಎರಡು ಮೊಳ ಬಿಡಿ, ತಂಬುಳಿಗಾಯಿತು. ಆ ಭಾಗಕ್ಕೆ ವಿಷವಂತೂ ಸೋಕಲೇಬಾರದು. ನಾಯಿ ಓಡಾಡುವ ಜಾಗದ್ದನ್ನು ಕೊಯ್ಯಬೇಡಿ.

ಉಂಬಳ (ಜಿಗಣೆ), ಹಾವು, ಉಣುಗು (ಉಣ್ಣೆ): ಕೆಲಸ ಮಾಡುವುದು ಹೇಗೆ?

ಉಂಬಳಕ್ಕೆ ಹೆದರಬೇಕಿಲ್ಲ, ಕಾಲಿಗೆ ಬೇವಿನೆಣ್ಣೆಯೋ ಹೊಗೆಸೊಪ್ಪು ನೆನೆಸಿದ ನೀರೋ ಹಚ್ಚಿಕೊಳ್ಳುವ ರೂಢಿ ಇದ್ದೇ ಇದೆ. ಹುಲ್ಲು ಎತ್ತರವಾಗಿದ್ದರೆ ಕೈ ಹಾಕುವ ಮೊದಲು ಕೋಲಿನಲ್ಲಿ ತಟ್ಟಿ. ಕೊಳಕುಮಂಡಲ ಅಲುಗಾಡದೆ ಬಿದ್ದಿರುತ್ತದೆ, ಗಂಬೂಟು ಹಾಕದೆ ಇಳಿಯಬೇಡಿ.

ಉಣುಗಿನ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅದು ಕಾಣಿಸಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಎಳೆ ಉಣುಗುಗಳು ತರಗೆಲೆ, ಹುಲ್ಲಿನ ತುದಿಯಲ್ಲಿ ಕಾದಿರುತ್ತವೆ. ಹಾಗಾಗಿ ಹುಲ್ಲುಹಾಸಿಗೆ ಹೊದಿಸಲೆಂದು ಕಾಡಿನ ದರಕು ಆ ಕಾಲದಲ್ಲಿ ತರಬೇಡಿ, ಅಡಿಕೆ ಸಿಪ್ಪೆಯೋ ತೆಂಗಿನ ನಾರೋ ಸಾಕು. ಕಾಡಂಚಿನ ಮನೆಯವರು ಅಂಗಳದ ಅಂಚಿನ ಹುಲ್ಲನ್ನು ಗಿಡ್ಡವಾಗಿಡಿ. ಕೆಲಸಕ್ಕೆ ಇಳಿಯುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಮುಗಿದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಹತ್ತಿರದಲ್ಲಿ ಮಂಗ ಸತ್ತುಬಿದ್ದಿದ್ದರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ತೋಟಗೆಲಸ ಅಲ್ಲಿಗೇ ನಿಲ್ಲಿಸಿ. ಆಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಂಚಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಆಳು ಸಿಗುವುದಿಲ್ಲ. ಒಬ್ಬರೇ ಮಾಡಲು ಆಗುತ್ತದೆಯೇ?

ನವೆಂಬರ್‌ನಿಂದ ಅಡಿಕೆ ಕೊಯ್ಲು, ಆಗಂತೂ ಹುಲ್ಲು ಕೀಳಲು ಯಾರೂ ಬರುವುದಿಲ್ಲ. ಅಂಗಳವನ್ನು ನಾಲ್ಕು ಪಾಲು ಮಾಡಿ, ಬಾಗಿಲಿನ ಎದುರಿನ ಪಾಲಿನಿಂದ ಶುರುಮಾಡಿ. ದಿನವೂ ಬೆಳಗ್ಗೆ ಕಾಫಿಗೆ ಮುಂಚೆ ಇಪ್ಪತ್ತು ನಿಮಿಷ, ಒಂದು ಬುಟ್ಟಿ, ಒಂದು ಕಳೆಗುದ್ದಲಿ. ಉಳಿದ ಮೂರು ಪಾಲನ್ನು ಬೀಜ ಕಟ್ಟದಂತೆ ಕತ್ತರಿಸುತ್ತಿದ್ದರೆ ಸಾಕು, ಸರದಿ ಬರುವವರೆಗೆ ಅವು ಕಾಯುತ್ತವೆ. ಎರಡನೇ ಮಳೆಗಾಲದ ಕೊನೆಗೆ ಹತ್ತರಲ್ಲಿ ಏಳೆಂಟು ಪಾಲು ಹುಲ್ಲಿದ್ದರೆ ಕೆಲಸ ಆಯಿತೆಂದು ತಿಳಿಯಿರಿ. ಉಳಿದ ಎರಡು ಪಾಲಿಗಾಗಿ ಭಾನುವಾರಗಳನ್ನೆಲ್ಲ ಕಳೆಯಬೇಡಿ.